ಸಲ್ಕಾಟಾ ಆಮೆಮರಿ: ತರುವ ಮುನ್ನ ಮತ್ತು ತಂದ ಮೇಲೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವುದು ಎರಡೇ ಪ್ರಶ್ನೆ. ಮೊದಲನೆಯದು, "ಆಮೆಮರಿ ಸಾಕಬೇಕಂತ ಮಾಡೇವಿ, ಹೆಂಗ ತರೋದು?" ಎರಡನೆಯದು, "ತಂದು ಮೂರು ತಿಂಗಳಾತು, ಮರಿ ಏನೂ ತಿನ್ನವಲ್ದು, ಕಣ್ಣ ತಗೀವಲ್ದು, ಏನ ಮಾಡೋದು?" ಎರಡನೇ ಪ್ರಶ್ನೆ ಬರುವ ಹೊತ್ತಿಗೆ ಎಷ್ಟೋ ಸಲ ಕೈ ಮೀರಿರುತ್ತದೆ. ಹಾಗಾಗಿ ಎರಡಕ್ಕೂ ಸೇರಿ ಇಲ್ಲಿ ವಿವರವಾಗಿ ಬರೆದಿದ್ದೇವೆ.

ಇದು ಸಲ್ಕಾಟಾ ಎಂಬ ನೆಲದ ಆಮೆಯ ವಿಷಯ. ಕೆಂಪು ಕಿವಿಯ ನೀರಾಮೆ ಸಾಕುವ ಕ್ರಮವೇ ಬೇರೆ, ಅದಕ್ಕೆ ಇಲ್ಲಿನ ಯಾವ ಅಳತೆಯೂ ಹೊಂದುವುದಿಲ್ಲ.

ಹಂತ 1: ಯಾವ ಆಮೆ, ಯಾವ ಕಾಗದ

ನಕ್ಷತ್ರ ಆಮೆ ಬೇಡವೇ ಬೇಡ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿರುವ ಈ ಆಮೆ ನಮ್ಮ ನಾಡಿನದೇ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಕೊಳ್ಳುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. "ಮನ್ಯಾಗ ಇಟ್ರ ಲಕ್ಷ್ಮಿ ಬರ್ತಾಳ" ಎಂದು ಹೇಳಿ ಮಾರುವವರು ಸಾಮಾನ್ಯವಾಗಿ ಕೈಗಿಡುವುದು ಇದನ್ನೇ, ಕಾಡಿನಿಂದ ಹಿಡಿದು ತಂದದ್ದನ್ನು. "ಸಾಕಿ ಬೆಳೆಸಿದ್ದು, ಸರ್ಟಿಫಿಕೇಟ್ ಅದ" ಎಂದರೂ ನಂಬಬೇಡಿ.

ಕಾಗದಪತ್ರ ಸರಿ ಇದ್ದರೆ ಸಾಕಬಹುದಾದದ್ದು ಹೊರದೇಶದ ಜಾತಿಗಳು. ಅವುಗಳಲ್ಲಿ ನಮ್ಮಲ್ಲಿ ಹೆಚ್ಚು ಸಿಗುವುದು ಸಲ್ಕಾಟಾ. ಆಫ್ರಿಕದಲ್ಲಿ ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನ ಒಣ ಹುಲ್ಲುಗಾವಲಿನ ಆಮೆ ಇದು. ತೊಡೆಯ ಹಿಂಬದಿಯಲ್ಲಿ ಮುಳ್ಳಿನಂಥ ಗಟ್ಟಿ ಹುರುಪೆಗಳಿರುವುದು ಇದರ ಗುರುತು.

ಹೊರದೇಶದ್ದು ಎಂದ ಮಾತ್ರಕ್ಕೆ ಕಾನೂನು ಇಲ್ಲ ಎಂದಲ್ಲ. ಅಳಿವಿನ ಭಯವಿರುವ ಜೀವಿಗಳ ವ್ಯಾಪಾರಕ್ಕೆ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. ಸಲ್ಕಾಟಾ ಅದರ ಎರಡನೇ ಪಟ್ಟಿಯಲ್ಲಿದೆ. 2022ರ ತಿದ್ದುಪಡಿಯಿಂದ ಆ ಪಟ್ಟಿ ನಮ್ಮ ಕಾಯ್ದೆಯೊಳಕ್ಕೂ ಬಂತು. 2024ರ ಫೆಬ್ರವರಿಯಲ್ಲಿ ಬಂದ ನಿಯಮದಂತೆ, ಇಂಥ ಪ್ರಾಣಿ ಕೈಗೆ ಬಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ 2.0 ಜಾಲತಾಣದಲ್ಲಿ ನೋಂದಣಿಗೆ ಅರ್ಜಿ ಹಾಕಬೇಕು. ಅದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿಗೆ ಹೋಗುತ್ತದೆ. ಮುಂದೆ ಆಮೆ ಸತ್ತರೆ, ಮರಿಗಳಾದರೆ, ಇನ್ನೊಬ್ಬರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು.

ಮಾರುವವರ ಹತ್ತಿರ ಕೇಳಬೇಕಾದದ್ದು ತಾಯಿ-ತಂದೆ ಆಮೆಗಳ ನೋಂದಣಿ ಪ್ರತಿ, ಮರಿ ಹುಟ್ಟಿದ್ದನ್ನು ದಾಖಲಿಸಿದ ಪ್ರತಿ, ನಿಮ್ಮ ಹೆಸರಿಗೆ ಬರೆದ ಬಿಲ್ಲು. "ಕಾಗದ ಆಮೇಲೆ ವಾಟ್ಸಾಪ್ ಮಾಡ್ತೀನಿ" ಎಂದರೆ ಅಲ್ಲಿಂದಲೇ ಎದ್ದು ಬನ್ನಿ. ಅನುಮಾನವಿದ್ದರೆ ದುಡ್ಡು ಕೊಡುವ ಮೊದಲೇ ನಿಮ್ಮ ಜಿಲ್ಲೆಯ ಅರಣ್ಯ ಇಲಾಖೆ ಕಚೇರಿಗೆ ಹೋಗಿ ಕೇಳಿ.

ಹಂತ 2: ಮರಿಯನ್ನಲ್ಲ, ದೊಡ್ಡ ಆಮೆಯನ್ನು ನೆನೆಸಿಕೊಳ್ಳಿ

ಅಂಗೈಯಲ್ಲಿ ಕೂರುವ ಮರಿ 30-40 ಗ್ರಾಂ ತೂಗುತ್ತದೆ. ಬೆಳೆದ ಸಲ್ಕಾಟಾ 40-50 ಕಿಲೋ, ಕೆಲವು ಗಂಡು ಅದಕ್ಕೂ ಹೆಚ್ಚು. ಹತ್ತಿಪ್ಪತ್ತು ವರ್ಷದಲ್ಲಿ ಒಬ್ಬರ ಕೈಲಿ ಎತ್ತಲಾಗದ ಪ್ರಾಣಿ ಅಂಗಳದಲ್ಲಿ ಓಡಾಡುತ್ತಿರುತ್ತದೆ. ಚೆನ್ನಾಗಿ ನೋಡಿಕೊಂಡರೆ 70 ವರ್ಷ ದಾಟಿ ಬದುಕುತ್ತದೆ, ಅಂದರೆ ನಿಮ್ಮ ಮಕ್ಕಳೂ ಅದನ್ನು ಸಾಕಬೇಕಾಗುತ್ತದೆ. ನೆಲ ತೋಡುವುದು ಅದರ ಹುಟ್ಟುಗುಣ. ಕಂಪೌಂಡಿನ ಪಾಯದ ಕೆಳಗೇ ಬಿಲ ತೆಗೆಯುತ್ತದೆ.

30/40 ಸೈಟಿನ ಮನೆಯವರಿಗೆ, ಫ್ಲ್ಯಾಟಿನವರಿಗೆ ನಮ್ಮ ನೇರ ಮಾತು: ಇದು ನಿಮಗಲ್ಲ. ಹೊಲ, ತೋಟ ಅಥವಾ ದೊಡ್ಡ ಹಿತ್ತಲು ಇದ್ದವರು ಮಾತ್ರ ಮುಂದೆ ಓದಿ. "ದೊಡ್ಡದಾದ ಮ್ಯಾಲೆ ಕಪ್ಪತಗುಡ್ಡಕ್ಕೋ ರಾಣೆಬೆನ್ನೂರ ಅಡವಿಗೋ ಬಿಟ್ರಾತು" ಎಂಬ ಯೋಚನೆ ಇದ್ದರೆ ಈಗಲೇ ತೆಗೆದುಹಾಕಿ. ಹೊರದೇಶದ ಪ್ರಾಣಿಯನ್ನು ಕಾಡಿಗೆ ಬಿಟ್ಟರೆ ಅದರ ಮೈಯಲ್ಲಿನ ರೋಗ ನಮ್ಮ ಕಾಡಿನ ಆಮೆಗಳಿಗೆ ತಗಲುತ್ತದೆ.

ಇನ್ನೊಂದು ಮಾತು. ಒಂದೇ ಮರಿ ತನ್ನಿ. ಒಂಟಿಯಾಗುತ್ತದೆಂದು ಜೋಡಿ ತರುವವರು ಬಹಳ. ಆಮೆಗೆ ಜೊತೆ ಬೇಕಿಲ್ಲ. ಎರಡಿಟ್ಟರೆ ಒಂದು ಇನ್ನೊಂದರ ಮೇಲೆ ದಬ್ಬಾಳಿಕೆ ಮಾಡುತ್ತದೆ, ಮೇವಿನ ಮೇಲೆ ಹತ್ತಿ ಕೂರುತ್ತದೆ, ದಬ್ಬಾಳಿಕೆಗೆ ಸಿಕ್ಕಿದ್ದು ಮೂಲೆ ಸೇರಿ ಸೊರಗುತ್ತದೆ. ಮನುಷ್ಯರ ಕಣ್ಣಿಗೆ ಅವೆರಡೂ ಪ್ರೀತಿಯಿಂದ ಒತ್ತಿಕೊಂಡು ಮಲಗಿದಂತೆ ಕಾಣುತ್ತದೆ.

ಹಂತ 3: ಪೆಟ್ಟಿಗೆ ಮೊದಲು, ಮರಿ ಆಮೇಲೆ

ಇಡೀ ಲೇಖನದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ.

ಮರುಭೂಮಿಯ ಆಮೆ ಎಂದಮೇಲೆ ಒಣ ಜಾಗ ಬೇಕು ಎಂದು ಎಲ್ಲರೂ ತಿಳಿಯುತ್ತಾರೆ. ಮರಿಗಳು ಸಾಯುವುದು ಇದೇ ತಪ್ಪಿನಿಂದ. ಸಲ್ಕಾಟಾ ಮರಿ ತನ್ನ ನಾಡಿನಲ್ಲಿ ಮೊಟ್ಟೆಯಿಂದ ಹೊರಬರುವುದು ಮಳೆಗಾಲದಲ್ಲಿ. ನೆಲ ಒದ್ದೆ, ಹುಲ್ಲು ಹಸಿರು, ಗಾಳಿಯಲ್ಲಿ ತೇವ. ಬಿಸಿಲು ಏರಿದರೆ ಅದು ಸೇರುವುದು ತಣ್ಣನೆಯ, ಹಸಿ ಬಿಲಕ್ಕೆ. ಅದೇ ಮರಿಯನ್ನು ನಾವು ಒಣ ಮರಳಿನ ಮೇಲೆ, ಬಲ್ಬಿನ ಕೆಳಗೆ ಇಟ್ಟರೆ ಮೈಯ ನೀರು ಆರುತ್ತದೆ, ಮೂತ್ರಪಿಂಡ ಕೆಡುತ್ತದೆ. ಮರಿ ಕೆಲವು ವಾರ ತಿನ್ನುತ್ತಲೇ ಇರುತ್ತದೆ, ಆದರೆ ತೂಕ ಏರುವುದಿಲ್ಲ. ಆಮೇಲೆ ಒಂದು ದಿನ ತಿನ್ನುವುದನ್ನು ನಿಲ್ಲಿಸುತ್ತದೆ.

ಚಿಪ್ಪು ವಿಕಾರವಾಗುವುದಕ್ಕೂ ಇದೇ ಕಾರಣ. ಚಿಪ್ಪಿನ ಒಂದೊಂದು ಬಿಲ್ಲೆಯೂ ಗುಡಿಯ ಗೋಪುರದ ಹಾಗೆ ಎದ್ದು ನಿಲ್ಲುವುದಕ್ಕೆ ಪಿರಮಿಡಿಂಗ್ ಅನ್ನುತ್ತಾರೆ. ಬೇಳೆಕಾಳಿನಂಥ ಪ್ರೋಟೀನ್ ಹೆಚ್ಚಾಗಿ ಹೀಗಾಗುತ್ತದೆ ಎಂದು ಮೊದಲು ನಂಬಿದ್ದರು. 2003ರಲ್ಲಿ ಪ್ರಕಟವಾದ ಸಲ್ಕಾಟಾ ಮರಿಗಳ ಅಧ್ಯಯನವೊಂದು ಪ್ರೋಟೀನ್‌ಗಿಂತ ಒಣ ಗಾಳಿಯೇ ದೊಡ್ಡ ಕಾರಣ ಎಂದು ತೋರಿಸಿತು. ಒಮ್ಮೆ ಎದ್ದ ಗೋಪುರ ಮತ್ತೆ ಇಳಿಯುವುದಿಲ್ಲ.

ಹಾಗಾಗಿ ಬೇಕಾದದ್ದು ಮುಚ್ಚಿದ, ಬೆಚ್ಚಗಿನ, ತೇವವಿರುವ ಪೆಟ್ಟಿಗೆ:

- 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಮೀನಿನ ಗಾಜಿನ ತೊಟ್ಟಿ. ಹಳೆಯದು, ಸೋರುವಂಥದ್ದಾದರೂ ನಡೆಯುತ್ತದೆ. ಮೇಲ್ಭಾಗದ ಮುಕ್ಕಾಲು ಪಾಲು ಅಕ್ರಿಲಿಕ್ ಹಾಳೆಯಿಂದ ಮುಚ್ಚಿ. ಮರಿ ಹೊರಗೆ ಹೋಗಲು ಗಾಜನ್ನು ಕೆರೆಯುತ್ತಿದ್ದರೆ ಹೊರಗಿನಿಂದ 6 ಇಂಚು ಎತ್ತರಕ್ಕೆ ಕಾಗದ ಅಂಟಿಸಿ.
- ಕೆಳಗೆ 3 ಇಂಚು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ನರ್ಸರಿಗಳಲ್ಲಿ ಇಟ್ಟಿಗೆಯಂತೆ ಒತ್ತಿ ಮಾರುತ್ತಾರೆ. ಅದರಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಸಲ ನೀರಲ್ಲಿ ನೆನೆಸಿ ಹಿಂಡಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಹಾಕಿದ ಮೇಲೆ ಅಂಗೈಯಿಂದ ಗಟ್ಟಿಯಾಗಿ ಒತ್ತಿ.
- ಬಿಸಿಗೆ 60 ರಿಂದ 100 ವ್ಯಾಟಿನ ಸೆರಾಮಿಕ್ ಹೀಟರ್, ಬೆಳಕು ಕೊಡದೆ ಬಿಸಿ ಮಾತ್ರ ಕೊಡುವಂಥದ್ದು. ಇದಕ್ಕೆ ಥರ್ಮೋಸ್ಟಾಟ್ ಬೇಕೇ ಬೇಕು. ಗೊತ್ತುಮಾಡಿದ ಮಟ್ಟಕ್ಕೆ ಬಿಸಿ ಬಂದ ಕೂಡಲೇ ಅದು ಹೀಟರ್ ಆರಿಸುತ್ತದೆ. ಹೋಲ್ಡರ್ ಪಿಂಗಾಣಿಯದೇ ಇರಲಿ, ಪ್ಲಾಸ್ಟಿಕ್ ಕರಗುತ್ತದೆ.
- ಒಂದು ತುದಿಯಲ್ಲಿ ಮೈ ಕಾಯಿಸಿಕೊಳ್ಳಲು 40-60 ವ್ಯಾಟಿನ ಬಲ್ಬು, ದಿನಕ್ಕೆ 12 ತಾಸು. ಅದರ ಕೆಳಗೆ, ಮರಿಯ ಬೆನ್ನಿನ ಮಟ್ಟದಲ್ಲಿ 35-37 ಡಿಗ್ರಿ ಇರಬೇಕು. ಇನ್ನೊಂದು ತುದಿಯಲ್ಲಿ 27.
- ರಾತ್ರಿ ಎಲ್ಲ ಕಡೆ 27 ಡಿಗ್ರಿ. ಕೆಂಪು ಬಲ್ಬು ಬೇಡ, ಕತ್ತಲೆ ಇರಲಿ.
- ಗಾಳಿಯ ತೇವ 80 ಶೇಕಡಾ. ತೇವ ಮತ್ತು ಉಷ್ಣ ಎರಡನ್ನೂ ತೋರಿಸುವ ಡಿಜಿಟಲ್ ಮೀಟರ್ ಎರಡು ತನ್ನಿ, ಎರಡೂ ತುದಿಗೆ ಒಂದೊಂದು.
- ಕುಂಡದ ಕೆಳಗಿಡುವ ಮಣ್ಣಿನ ತಟ್ಟೆಯನ್ನು ಕೋಕೋಪೀಟಿನಲ್ಲಿ ಅಂಚಿನವರೆಗೆ ಹೂತು ನೀರು ತುಂಬಿ. ಸ್ಟೀಲ್ ತಟ್ಟೆಯಲ್ಲಿ ಕಾಲು ಜಾರಿ ಮರಿ ಅಂಗಾತ ಬಿದ್ದರೆ ಎರಡು ಇಂಚು ನೀರಲ್ಲೂ ಮುಳುಗಿ ಸಾಯುತ್ತದೆ.
- ಅಡಗಲು ಒಡೆದ ಮಣ್ಣಿನ ಕುಂಡದ ಅರ್ಧ ಭಾಗ.

ಮರಳು ಹಾಕಬೇಡಿ, ಮೇವಿನ ಜೊತೆ ಹೊಟ್ಟೆಗೆ ಹೋಗಿ ಕರುಳು ಕಟ್ಟುತ್ತದೆ. ಹೊಲದ ಎರಿ ಮಣ್ಣೂ ಬೇಡ, ಒದ್ದೆಯಾದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ, ಗೊಬ್ಬರ-ಔಷಧದ ಅಂಶವೂ ಇರಬಹುದು.

ಒಂದು ಎಚ್ಚರಿಕೆ. ತೇವ ಮತ್ತು ಬೆಚ್ಚಗೆ ಎರಡೂ ಜೊತೆಯಲ್ಲೇ ಇರಬೇಕು. ತೇವ ಇದ್ದು ಚಳಿಯಾದರೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಪೆಟ್ಟಿಗೆ ಸಿದ್ಧಮಾಡಿ, ಖಾಲಿಯಾಗಿಯೇ ಒಂದು ವಾರ ನಡೆಸಿ, ಬೆಳಗ್ಗೆ-ರಾತ್ರಿ ಅಂಕಿ ಬರೆದಿಡಿ. ಅಂಕಿ ಏರಿಳಿಯದೆ ನಿಂತ ಮೇಲೆ ಮರಿಯ ಮಾತು.

ಹಂತ 4: ಬ್ರೀಡರ್ ಹತ್ತಿರ ಏನು ಕೇಳಬೇಕು, ಏನು ನೋಡಬೇಕು

ಮರಿ ಹುಟ್ಟಿ ಕನಿಷ್ಠ ಎರಡು ತಿಂಗಳಾಗಿರಲಿ. ಮೊದಲ ವಾರಗಳಲ್ಲಿ ಅದನ್ನು ಹೇಗೆ ಇಟ್ಟಿದ್ದರು ಎಂಬುದು ಮುಂದಿನದನ್ನೆಲ್ಲ ನಿರ್ಧರಿಸುತ್ತದೆ. ಹಾಗಾಗಿ ಬೆಲೆ ಕೇಳುವ ಮೊದಲು ಇವನ್ನು ಕೇಳಿ: ಮೊಟ್ಟೆಯಿಂದ ಬಂದ ದಿನದಿಂದ ಎಷ್ಟು ಸಲ ನೀರಲ್ಲಿ ಕೂರಿಸಿದ್ದೀರಿ? ಕೆಳಗೆ ಏನು ಹಾಸಿದ್ದೀರಿ? ರಾತ್ರಿ ಬಿಸಿ ಎಷ್ಟು? ಏನು ತಿನ್ನಿಸುತ್ತೀರಿ? "ದಿನಾ ನೀರು, ಒದ್ದೆ ಕೋಕೋಪೀಟ್" ಎಂಬ ಉತ್ತರ ಬಂದರೆ ಮುಂದುವರಿಯಿರಿ. "ವಾರಕ್ಕೊಮ್ಮೆ ಸಾಕು, ಇದು ಮರುಭೂಮಿದು" ಎಂದರೆ ಎಷ್ಟೇ ಅಗ್ಗವಾದರೂ ಬೇಡ.

ಇನ್ನು ಮರಿಯನ್ನು ಕೈಗೆ ತೆಗೆದುಕೊಳ್ಳಿ. ಆರೋಗ್ಯದ ಮರಿ ಗಾತ್ರಕ್ಕಿಂತ ಭಾರ ಅನ್ನಿಸುತ್ತದೆ, ನದಿಯ ಗುಂಡುಕಲ್ಲು ಹಿಡಿದ ಹಾಗೆ. ಒಣಗಿದ್ದು ಖಾಲಿ ಬೆಂಕಿಪೊಟ್ಟಣದಷ್ಟು ಹಗುರ. ಹಿಂಗಾಲನ್ನು ಮೆಲ್ಲಗೆ ಎಳೆದರೆ ಗಟ್ಟಿಯಾಗಿ ಹಿಂದಕ್ಕೆ ಎಳೆದುಕೊಳ್ಳಬೇಕು. ಕಣ್ಣು ಪೂರ್ತಿ ತೆರೆದು ಹೊಳೆಯುತ್ತಿರಬೇಕು. ಮೂಗಿನಲ್ಲಿ ಗುಳ್ಳೆ ಇರಬಾರದು. ತಿರುಗಿಸಿ ಹೊಟ್ಟೆಯ ಚಿಪ್ಪು ನೋಡಿ, ನಡುವಿನ ಹೊಕ್ಕುಳಿನ ಸೀಳು ಮುಚ್ಚಿರಬೇಕು. ಬಿಲ್ಲೆಗಳ ನಡುವೆ ಬೆಳ್ಳನೆಯ, ನಯವಾದ ಹೊಸ ಗೆರೆ ಕಂಡರೆ ಅದು ಬೆಳೆಯುತ್ತಿದೆ ಎಂದು ತಿಳಿಯಿರಿ. ಕೊನೆಗೆ, ನಿಮ್ಮ ಕಣ್ಣೆದುರಿಗೇ ಮೇವು ಹಾಕಲು ಹೇಳಿ.

ಗಂಡು ಮರಿಗೆ ಒಂದು ರೇಟು, ಹೆಣ್ಣಿಗೆ ಇನ್ನೊಂದು ಎಂದು ಮಾರುವವರಿದ್ದಾರೆ. ಸಲ್ಕಾಟಾದ ಚಿಪ್ಪು 30 ಸೆಂ.ಮೀ. ದಾಟುವವರೆಗೆ ಗಂಡೋ ಹೆಣ್ಣೋ ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ. ಅಂಗೈ ಮರಿಯ ಲಿಂಗ ಹೇಳಿ ಹೆಚ್ಚು ದುಡ್ಡು ಕೇಳಿದರೆ ಉಳಿದ ಮಾತೂ ಅಷ್ಟೇ ನಿಜ ಎಂದುಕೊಳ್ಳಿ.

ಹಂತ 5: ಊರಿಗೆ ತರುವುದು

ಕೊರಿಯರ್ ಬೇಡ. ನೀವೇ ಹೋಗಿ ತನ್ನಿ. ಹೊರಡುವ ಮೊದಲು ಅರ್ಧ ತಾಸು ಬೆಚ್ಚನೆ ನೀರಲ್ಲಿ ಕೂರಿಸಲು ಹೇಳಿ. ತೂತುಗಳಿರುವ ಸಣ್ಣ ಡಬ್ಬಿಯಲ್ಲಿ ಒದ್ದೆ ಮಾಡಿ ಹಿಂಡಿದ ಟವೆಲ್ ಹಾಸಿ ಮರಿ ಇಡಿ, ನೀರಿನ ಬಟ್ಟಲು ಇಡಬೇಡಿ. ಬೆಂಗಳೂರಿನಿಂದ ರಾತ್ರಿ ಎಸಿ ಬಸ್ಸಿನಲ್ಲಿ ತರುವವರು ಮರಿಗೆ ಚಳಿ ಹಿಡಿಸುತ್ತಾರೆ. ಹಗಲಿನ ರೈಲೇ ಒಳ್ಳೆಯದು, ಡಬ್ಬಿ ಮಡಿಲಲ್ಲಿ ಇರಲಿ. ಬಿಲ್ಲು, ನೋಂದಣಿ ಪ್ರತಿ ಜೊತೆಗಿರಲಿ. ಮನೆಗೆ ಬಂದ ಕೂಡಲೇ ಮತ್ತೆ ನೀರು, ಆಮೇಲೆ ಪೆಟ್ಟಿಗೆ. ಮೊದಲ ವಾರ ಮಕ್ಕಳ ಕೈಯಿಂದ ಕೈಗೆ ದಾಟಿಸಬೇಡಿ.

ಹಂತ 6: ದಿನದ ನೀರು

ಮಗುವಿಗೆ ಎರೆಯುವಷ್ಟು ಬೆಚ್ಚಗಿನ ನೀರು, ಅಂದರೆ 33-35 ಡಿಗ್ರಿ. ಮೇಲಿನ ಮತ್ತು ಕೆಳಗಿನ ಚಿಪ್ಪು ಕೂಡುವ ಗೆರೆಯವರೆಗೆ ಆಳ. ದಿನವೂ 20-30 ನಿಮಿಷ, ಮೊದಲ ವರ್ಷವಿಡೀ ತಪ್ಪಿಸದೆ. ಎತ್ತರ ಗೋಡೆಯ ಟಬ್ ಆದರೆ ಮರಿ ಹೊರಗೆ ನೋಡುತ್ತ ಗಾಬರಿಯಾಗುವುದಿಲ್ಲ. ನೀರು ಆರದಂತೆ ಆ ಟಬ್ಬನ್ನು ಇನ್ನೊಂದು ಬಿಸಿನೀರಿನ ಟಬ್ಬಿನೊಳಗೆ ಇಡಬಹುದು.

ನೀರಲ್ಲೇ ಅದು ಕುಡಿಯುತ್ತದೆ, ಹೇಲುತ್ತದೆ, ಬಿಳಿಯ ಯುರೇಟ್ ಬಿಡುತ್ತದೆ. ಯುರೇಟ್ ಎಂದರೆ ಆಮೆಯ ಮೂತ್ರದ ಗಟ್ಟಿ ಭಾಗ. ಇದನ್ನು ಬೆರಳಿನಲ್ಲಿ ಒಮ್ಮೆ ಹಿಸುಕಿ ನೋಡಿ. ಟೂತ್‌ಪೇಸ್ಟಿನಂತೆ ಮೆತ್ತಗಿದ್ದರೆ ಮೈಯಲ್ಲಿ ನೀರು ಸಾಕಷ್ಟಿದೆ. ಸಣ್ಣ ಮರಳಿನಂತೆ ಒರಟಾಗಿ ತಗಲಿದರೆ ನೀರು ಕಡಿಮೆ, ದಿನಕ್ಕೆ ಎರಡು ಸಲ ಕೂರಿಸಿ. ಹಾಗೇ ಬಿಟ್ಟರೆ ಮುಂದೆ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ.

ಈ ಟಬ್ಬು ಅಡುಗೆಮನೆಗೆ ಹೋಗಬಾರದು. ಆಮೆಯ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ಸೂಕ್ಷ್ಮಾಣು ಇರುತ್ತದೆ, ಅದಕ್ಕೇನೂ ಆಗದಿದ್ದರೂ ನಮಗೆ ವಾಂತಿ-ಭೇದಿ ತರುತ್ತದೆ. ಮುಟ್ಟಿದಾಗಲೆಲ್ಲ ಸೋಪಿನಿಂದ ಕೈ ತೊಳೆಯಿರಿ. 5 ವರ್ಷದೊಳಗಿನ ಮಕ್ಕಳು ಮುಟ್ಟುವುದೇ ಬೇಡ.

ಹಂತ 7: ಮೇವು

ಇಲ್ಲಿ ನಮ್ಮ ಸೀಮೆಯವರು ಪುಣ್ಯವಂತರು. ಪೇಟೆಯ ಡಬ್ಬಿ ಆಹಾರ ಬೇಕಿಲ್ಲ, ಬದುವಿನಲ್ಲೇ ಎಲ್ಲ ಇದೆ.

ಹುಲ್ಲು ಮುಖ್ಯ. ಕರಿಕಿ (ಗರಿಕೆ) ಎಲ್ಲಕ್ಕಿಂತ ಒಳ್ಳೆಯದು. ಮರಿಯ ಬಾಯಿಗೆ ಉದ್ದ ಎಸಳು ಹಿಡಿಯುವುದಿಲ್ಲ, ಕತ್ತರಿಯಿಂದ ಅರ್ಧ ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಉಳಿದ ತಪ್ಪಲಿನ ಜೊತೆ ಕಲಸಿ. ನಾವು ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ (ಕೆಲವು ಊರಲ್ಲಿ ಹತ್ತರಕಿ) ಆಮೆಗೂ ಅಚ್ಚುಮೆಚ್ಚು. ದಾಸವಾಳದ ಎಲೆ-ಹೂವು, ಕುದುರೆ ಮೆಂತೆ ಸ್ವಲ್ಪ, ಮುಳ್ಳು ಸುಟ್ಟು ಕೆರೆದ ಪಾಪಸುಕಳ್ಳಿಯ ಎಳೆ ಹಾಳೆ ಕೊಡಬಹುದು. ಹಿಪ್ಪುನೇರಳೆ ಎಲೆ ಕೂಡ. ರೇಷ್ಮೆ ಬೆಳೆಯುವವರು ಹುಳುವಿಗೆ ಹಾಕಲು ತಂದ ಸೊಪ್ಪಾದರೆ ಇನ್ನೂ ಒಳ್ಳೆಯದು. ಅದರಲ್ಲಿ ಔಷಧ ಉಳಿದಿದ್ದರೆ ಮೊದಲು ಹುಳುವೇ ಸಾಯುತ್ತದೆ.

ಪಾಲಕ, ರಾಜಗಿರಿ, ಪುಂಡಿಪಲ್ಲೆಯಲ್ಲಿ ಆಕ್ಸಲೇಟ್ ಎಂಬ ಹುಳಿ ಅಂಶ ಹೆಚ್ಚು, ಅದು ಸುಣ್ಣದಂಶವನ್ನು ಮೈಗೆ ಹತ್ತಗೊಡುವುದಿಲ್ಲ. ವಾರಕ್ಕೊಮ್ಮೆ ಎರಡು ಎಲೆ ಸಾಕು. ಸಂತೆಯ ಕೊತ್ತಂಬರಿ, ಮೆಂತ್ಯಕ್ಕೆ ಔಷಧ ಹೊಡೆದಿರುತ್ತಾರೆ, ಕುಂಡದಲ್ಲಿ ನೀವೇ ಬೆಳೆದದ್ದು ಕೊಡಿ. ಹತ್ತಿ ಹೊಲ, ಮೆಣಸಿನಕಾಯಿ ಹೊಲದ ಬದುವಿನ ಹುಲ್ಲನ್ನಂತೂ ಮುಟ್ಟಬೇಡಿ.

ಎಳೆ ಜೋಳದ ಚಿಗುರು ಬೇಡ. ದನಕ್ಕೆ ಎಳೆ ಜೋಳ ಮೇಯಿಸಿದರೆ ವಿಷವಾಗುತ್ತದೆ ಎಂಬುದು ನಮ್ಮ ರೈತರಿಗೆಲ್ಲ ಗೊತ್ತು, ಅದರಲ್ಲಿ ಸಯನೈಡ್ ಹುಟ್ಟುತ್ತದೆ. ಕಾಂಗ್ರೆಸ್ ಕಸ, ಎಕ್ಕಿ, ಕಣಗಿಲೆ, ದತ್ತೂರಿ ಎಲ್ಲವೂ ವಿಷ. ಹುಲ್ಲಿನ ಜೊತೆ ಅವುಗಳ ಒಂದು ಎಲೆ ಸೇರಿ ಬರುವುದು ಸುಲಭ, ಕೊಯ್ಯುವಾಗ ಆರಿಸಿ. ಅನ್ನ, ಚಪಾತಿ, ಹಾಲು, ಬ್ರೆಡ್ಡು, ಬಾಳೆಹಣ್ಣು, ನಾಯಿ ಬಿಸ್ಕೆಟ್ ಬೇಡ. ಹುಲ್ಲು ಅರಗಿಸುವ ಅದರ ಹೊಟ್ಟೆಯನ್ನು ಅವು ಕೆಡಿಸುತ್ತವೆ.

ಚಿಪ್ಪಿಗೆ ಕ್ಯಾಲ್ಸಿಯಂ ಕಾರ್ಬೋನೇಟ್ ಪುಡಿ, ವಾರಕ್ಕೆ 2-3 ಸಲ, ಎರಡು ಬೆರಳಿನ ಚಿಟಿಕೆಯಷ್ಟು. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಕಡಲ ನೊರೆಯ (ಕಟಲ್ ಮೀನಿನ ಒಳಚಿಪ್ಪು) ತುಂಡೊಂದನ್ನು ಪೆಟ್ಟಿಗೆಯಲ್ಲಿಟ್ಟರೆ ಬೇಕಾದಾಗ ಕಡಿಯುತ್ತದೆ. ಎಲೆ ಅಡಿಕೆಯ ಸುಣ್ಣ ಹಚ್ಚಬೇಡಿ. ಎರಡೂ ಸುಣ್ಣವೇ ಅಲ್ಲವೇ ಎಂದು ಹಚ್ಚುವವರಿದ್ದಾರೆ. ಎಲೆಯ ಸುಣ್ಣ ಬಾಯಿ, ಗಂಟಲು ಸುಡುತ್ತದೆ.

ಹಂತ 8: ಬಿಸಿಲು

ಬಿಸಿಲಿನ ಯುವಿಬಿ ಎಂಬ ಕಿರಣ ಮೈಗೆ ಬಿದ್ದರೆ ಮಾತ್ರ ಡಿ3 ವಿಟಮಿನ್ ಹುಟ್ಟಿ ಕ್ಯಾಲ್ಸಿಯಂ ಚಿಪ್ಪಿಗೆ ಹತ್ತುತ್ತದೆ. ಗಾಜು ಆ ಕಿರಣವನ್ನು ತಡೆಯುತ್ತದೆ, ಕಿಟಕಿಯ ಒಳಗಿನ ಬಿಸಿಲು ಲೆಕ್ಕಕ್ಕಿಲ್ಲ. ಬೆಳಗಿನ 8-9ರ ಬಿಸಿಲಿನಲ್ಲಿ ಅರ್ಧ ತಾಸು ಹೊರಗೆ, ಅರ್ಧ ಜಾಗ ನೆರಳಿರುವ ಬುಟ್ಟಿ ಅಥವಾ ಜಾಳಿಗೆಯ ಕೆಳಗೆ. ಮೇಲೆ ಮುಚ್ಚಿರಲೇಬೇಕು, ಕಾಗೆ ಎತ್ತಿಕೊಂಡು ಹೋಗುತ್ತದೆ. ಗಾಜಿನ ಅಥವಾ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬಿಸಿಲಿಗೆ ಇಡಬೇಡಿ. ಏಪ್ರಿಲ್ ಬಿಸಿಲಿನಲ್ಲಿ ಫೋನ್ ಮಾತಾಡಿ ಬರುವಷ್ಟರಲ್ಲಿ ಒಳಗೆ ಬೆಂದಿರುತ್ತದೆ.

ಹಂತ 9: ಧಾರವಾಡದ ಮಳೆ, ಗದಗಿನ ಬೇಸಿಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದಲ್ಲಿ ಜಿಟಿಜಿಟಿ ಮಳೆ, ವಾರಗಟ್ಟಲೆ ಬಿಸಿಲಿಲ್ಲ. ಆಗ ಪೆಟ್ಟಿಗೆಯಲ್ಲಿ ಯುವಿಬಿ ಟ್ಯೂಬ್ ಬೇಕು. ಟಿ5 ಎಂಬ ಉದ್ದ ಟ್ಯೂಬೇ ತನ್ನಿ, ಸುರುಳಿ ಬಲ್ಬು ಬೇಡ. ಬೆಳಕು ಇದ್ದರೂ ಕಿರಣ ಕುಗ್ಗುತ್ತ ಹೋಗುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಬದಲಿಸಿ. ಕರೆಂಟ್ ಹೋದರೆ 100 ವ್ಯಾಟಿನ ಹೀಟರನ್ನು ಮನೆಯ ಇನ್ವರ್ಟರ್ ನಡೆಸುತ್ತದೆ. ಇನ್ವರ್ಟರ್ ಇಲ್ಲದಿದ್ದರೆ ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿ. ಪೆಟ್ಟಿಗೆ ತಣ್ಣಗಿರುವಾಗ ಮೇವು ಹಾಕಬೇಡಿ, ಚಳಿಯಲ್ಲಿ ಅರಗುವುದಿಲ್ಲ.

ಡಿಸೆಂಬರ್-ಜನವರಿ ರಾತ್ರಿಗಳಲ್ಲಿ "ಆಮೆ ಚಳಿಗಾಲದಲ್ಲಿ ನಿದ್ದೆ ಮಾಡ್ತದ" ಎಂದು ಹೀಟರ್ ಆರಿಸುವವರಿದ್ದಾರೆ. ಸಲ್ಕಾಟಾ ಚಳಿನಿದ್ದೆ ಮಾಡುವ ಜಾತಿಯಲ್ಲ. ಅಲುಗಾಡದೆ ಕೂತಿದೆ ಎಂದರೆ ಅದು ಚಳಿಗೆ ಸೋಲುತ್ತಿದೆ.

ಗದಗ ಕಡೆ ಬೇಸಿಗೆಯಲ್ಲಿ ತೊಂದರೆ ತಿರುಗುಮುರುಗು. ತಾರಸಿಯ ಕೆಳಗಿನ ಕೋಣೆ 38 ಡಿಗ್ರಿ ಮುಟ್ಟಿದರೆ ಬಲ್ಬು ಆರಿಸಿ, ಪೆಟ್ಟಿಗೆಯನ್ನು ಕೆಳಮನೆಯ ತಂಪು ಕೋಣೆಗೆ ಇಳಿಸಿ.

ಹಂತ 10: ತೂಕ ಮತ್ತು ಕಾಯಿಲೆ

1 ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿಯೊಂದನ್ನು ಇದಕ್ಕೇ ಮೀಸಲಿಡಿ. ಪ್ರತಿ ಭಾನುವಾರ, ನೀರಿಗೆ ಬಿಡುವ ಮೊದಲು ತೂಗಿ ಬರೆಯಿರಿ. ಸತತ ಮೂರು ವಾರ ಏರದಿದ್ದರೆ ಬಿಸಿ, ತೇವ, ಮೇವು ಈ ಕ್ರಮದಲ್ಲಿ ಪರೀಕ್ಷಿಸಿ. ಇಳಿಯುತ್ತಿದ್ದರೆ ವೈದ್ಯರಿಗೆ ತೋರಿಸಿ.

ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಊದಿದ ಕಣ್ಣು, ಒತ್ತಿದರೆ ತಗ್ಗುವ ಚಿಪ್ಪು, ಹಿಂಬದಿಯಿಂದ ಕೆಂಪು ಮಾಂಸ ಹೊರಬಂದಿರುವುದು: ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಹೊರಡಿ. ಸರೀಸೃಪ ನೋಡುವ ಪಶುವೈದ್ಯರು ನಮ್ಮ ಕಡೆ ಕಡಿಮೆ, ಮರಿ ತರುವ ಮೊದಲೇ ಒಬ್ಬರನ್ನು ಹುಡುಕಿಟ್ಟುಕೊಳ್ಳಿ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿಂದ ವಿಚಾರಣೆ ಶುರುಮಾಡಬಹುದು.

ಇದನ್ನು ಪೆಟ್ಟಿಗೆಯ ಮೇಲೆ ಬರೆದು ಅಂಟಿಸಿ: ಐವರ್‌ಮೆಕ್ಟಿನ್ ಕೊಡಬಾರದು. ದನ, ಕುರಿ, ನಾಯಿಗೆ ಜಂತು ಮತ್ತು ಉಣ್ಣಿ ಹುಳಕ್ಕೆಂದು ದಿನಬೆಳಗಾದರೆ ಬಳಸುವ ಔಷಧ ಅದು. ಆಮೆಯ ಕೈಕಾಲು ಸ್ವಾಧೀನ ತಪ್ಪಿಸಿ ಕೊಲ್ಲುತ್ತದೆ. ಆಮೆಯ ಅಭ್ಯಾಸವಿಲ್ಲದ ವೈದ್ಯರು ಚೀಟಿ ಬರೆದರೆ ನೀವೇ ಎದುರು ಕೇಳಿ.

ಹಂತ 11: ಹೊರಗೆ ಬಿಡುವುದು

ಚಿಪ್ಪು 15-20 ಸೆಂ.ಮೀ. ಆದಮೇಲೆ ಹಗಲು ಹೊರಗೆ ಬಿಡಬಹುದು. ಮಸಾರಿ ನೆಲ ಒಳ್ಳೆಯದು, ನೀರು ನಿಲ್ಲುವುದಿಲ್ಲ. ಎರಿ ನೆಲವಾದರೆ ಒಂದು ಅಡಿ ಎತ್ತರಿಸಿ ಮಸಾರಿ ಮಣ್ಣು ಹಾಕಿಸಿ. ಸುತ್ತ ಎರಡು ಅಡಿ ಎತ್ತರದ ಗೋಡೆ, ನೆಲದೊಳಗೂ ಎರಡು ಅಡಿ ಇಳಿಸಿ ಕಟ್ಟಿಸಿ. ತಂತಿ ಬೇಲಿ ಬೇಡ. ಆಚೆ ಕಾಣುತ್ತಿದ್ದರೆ ದಿನವಿಡೀ ಅದನ್ನೇ ತಳ್ಳುತ್ತ ಮೂತಿ ಕೆರೆದುಕೊಳ್ಳುತ್ತದೆ. ಬೀದಿನಾಯಿ ಹಾರಿ ಬರುವಂತಿದ್ದರೆ ಮೇಲೆ ಜಾಳಿಗೆ ಬೇಕು, ನಾಯಿ ಆಮೆಯ ಚಿಪ್ಪನ್ನು ಎಲುಬಿನಂತೆ ಕಡಿಯುತ್ತದೆ. ರಾತ್ರಿ ಮಲಗಲು ಇಟ್ಟಿಗೆಯ ಸಣ್ಣ ಗೂಡು, ಒಳಗೆ ಥರ್ಮೋಸ್ಟಾಟಿನ ಹೀಟರ್, ಬಾಗಿಲಿಗೆ ದಪ್ಪ ರಬ್ಬರಿನ ಪಟ್ಟಿಗಳು. ಸಂಜೆ ಅದು ಒಳಗೆ ಸೇರಿದೆಯೇ ಎಂದು ಟಾರ್ಚ್ ಹಾಕಿ ನೋಡಿ ಬನ್ನಿ. ಮೊದಲ ಮಳೆಗಾಲದಲ್ಲಿ ಎಷ್ಟೋ ಆಮೆಗಳು ತಮ್ಮದೇ ಹೊಸ ಬಿಲದಲ್ಲಿ ಮಲಗಿರುತ್ತವೆ, ರಾತ್ರಿಯ ಮಳೆಗೆ ಅದು ತುಂಬುತ್ತದೆ.